ಕೋಡಿ ನೀರಿಗೆ ಬಾತುಕೋಳಿ ಬಿಟ್ಟ ದಿನ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಒಳ್ಳೆಯದಲ್ಲ. ದೇವಸಮುದ್ರದ ಕಡೆಯ ನಮ್ಮೂರಿನಲ್ಲೂ ಸುತ್ತಲಿನ ನಾಲ್ಕು ಹಟ್ಟಿಗಳಲ್ಲೂ ಇಪ್ಪತ್ತೇಳು ವರ್ಷದಿಂದ ಟಪಾಲು ಹಂಚುತ್ತಿದ್ದೇನೆ. ನನ್ನ ಕೈಯಿಂದ ಕಾಗದ ತೆಗೆದುಕೊಳ್ಳದ ಮನೆ ಒಂದೆರಡು ಇರಬಹುದು, ನನ್ನಿಂದ ಬೈಸಿಕೊಳ್ಳದ ಮನೆ ಇಲ್ಲ. ನಾಯಿ ಕಟ್ಟದವರಿಗೆ ಬೈದಿದ್ದೇನೆ. ಮಗನ ವಿಳಾಸ ಕೇಳಿದರೆ ‘ಬೆಂಗ್ಳೂರು’ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವವರಿಗೆ ಬೈದಿದ್ದೇನೆ. ಪಿಂಚಣಿಯ ದಿನವೇ ಶೇಂಗಾ ಕೀಳಲು ಹೋದವರನ್ನು ಹುಡುಕಿಕೊಂಡು ಹೋಗಿ, ಅವರದೇ ಹೊಲದ ಬದುವಿನ ಮೇಲೆ ನಿಂತು, ಬಾಯಿಗೆ ಬಂದ ಹಾಗೆ ಬೈದು ದುಡ್ಡು ಕೊಟ್ಟು ಬಂದಿದ್ದೇನೆ. ಇಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ಹೆಸರು ಓದಿಯೇ ಹೊಟ್ಟೆ ಹೊರೆದವನು ನಾನು. ಓದಿದ ಹೆಸರನ್ನು ಆ ಮನೆಯ ಬಾಗಿಲಿಗಲ್ಲದೆ ಬೇರೆಲ್ಲೂ ಹೇಳಬಾರದು ಎಂಬುದು ಈ ಕೆಲಸದಲ್ಲಿ ಕಲಿತ ಮೊದಲ ಪಾಠ.

ಮೂರು ವರ್ಷದ ಹಿಂದೆ ಒಂದು ಜಾಲಿಮುಳ್ಳು ಚಪ್ಪಲಿ ತೂರಿಕೊಂಡು ನನ್ನ ಬಲಗಾಲಿಗೆ ಹೊಕ್ಕಿತು. ನಮ್ಮ ಕಡೆ ಮುಳ್ಳು ಚುಚ್ಚುವುದು ಒಂದು ಸುದ್ದಿಯೇ ಅಲ್ಲ. ಪಿನ್ನಿನಿಂದ ಕೆದಕಿ ತೆಗೆದೆ, ಸುಣ್ಣ ಹಚ್ಚಿದೆ, ಮರುದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಮೈಯಲ್ಲಿ ಸಕ್ಕರೆ ಕಾಯಿಲೆ ಇದೆ, ಕಾಲು ಜೋಪಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು. ವಾರದೊಳಗೆ ಅಂಗಾಲು ಊದಿಕೊಂಡಿತು.

“ಆಸ್ಪತ್ರೆಗೆ ಹೋಗೋಣ ನಡೀರಿ” ಎಂದು ಹೆಂಡತಿ ದಿನಾ ಗೋಗರೆದಳು.

“ಮುಳ್ಳು ಚುಚ್ಚಿದ್ದಕ್ಕೆಲ್ಲ ಆಸ್ಪತ್ರೆಗೆ ಹೋದ್ರೆ ನಮ್ಮ ಸೀಮೇಲಿ ಮನೇಲಿ ಉಳಿಯೋರು ಯಾರೇ?” ಎಂದು ಅವಳ ಬಾಯಿ ಮುಚ್ಚಿಸಿದೆ.

ಪಾದ ಕಪ್ಪಗಾದ ಮೇಲೆ ದಾವಣಗೆರೆಗೆ ಹೊತ್ತುಕೊಂಡು ಹೋದರು. ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಉಳಿದದ್ದನ್ನು ತೆಗೆದರು. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ, ನನ್ನ ಮೊಂಡುತನದ್ದೇ. ಹೆಂಡತಿ ಒಂದು ದಿನವೂ ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಆಮೇಲೆ ಒಂದು ಶಿಬಿರದಲ್ಲಿ ಪುಕ್ಕಟೆಯಾಗಿ ಕೃತಕ ಕಾಲು ಕೊಟ್ಟರು. ಕೊಟ್ಟವರಿಗೆ ಪುಣ್ಯ ಬರಲಿ. ಮನೆಯಿಂದ ಹೋಟೆಲ್ಲಿನವರೆಗೆ ಅದು ಚೆನ್ನಾಗಿತ್ತು. ಹಟ್ಟಿಯ ದಾರಿಗೆ ಮಾತ್ರ ಆಗಲಿಲ್ಲ. ನಮ್ಮ ಹಟ್ಟಿಗಳ ದಾರಿ ಎಂದರೆ ಬರೀ ಗರಸು ಕಲ್ಲು, ಏರಿಳಿತ, ಮಧ್ಯೆ ಎರಡು ಹಳ್ಳ. ಗಾಡಿ ಅರ್ಧ ದಾರಿಗೇ ನಿಂತುಬಿಡುತ್ತದೆ. ಎರಡು ಸಲ ನಡೆದು ನೋಡಿದೆ. ಎರಡು ಸಲವೂ ಮೊಂಡುಗಾಲು ಉಜ್ಜಿ ಗಾಯವಾಯಿತು. ಬಳ್ಳಾರಿಯಲ್ಲಿ ಕಾಲು ಮಾಡಿಕೊಡುವವರೊಬ್ಬರು ನೋಡಿ ನೇರವಾಗಿ ಹೇಳಿದರು: “ನಿಮಗೆ ಒಳಗೆ ಮೆತ್ತನೆ ಪದರ ಇರೋ ಕಾಲೇ ಬೇಕು ರೀ. ಹಿಂಗೇ ಗಾಯ ಮಾಡ್ಕೊಂಡ್ರೆ ಮೊಣಕಾಲೂ ಹೋಗುತ್ತೆ.” ಅದರ ಬೆಲೆ ಕೇಳಿ ಸುಮ್ಮನೆ ಬಸ್ಸು ಹತ್ತಿ ಬಂದೆ. ಮನೆಯಲ್ಲಿದ್ದದ್ದೆಲ್ಲ ಆಸ್ಪತ್ರೆಗೇ ಆಗಿಹೋಗಿತ್ತು.

ನನ್ನ ಟಪಾಲು ದಾರಿಯನ್ನು ಬದಲಿಯವನೊಬ್ಬ ನೋಡಿಕೊಳ್ಳುತ್ತಿದ್ದ. ಉಗಾದಿಯವರೆಗೆ ಮಾತ್ರ ಆ ಏರ್ಪಾಡು. ಅಷ್ಟರಲ್ಲಿ ನಾನೇ ನಡೆದು ಹಂಚಿ ತೋರಿಸಬೇಕು, ಇಲ್ಲದಿದ್ದರೆ ಚೀಲ ಒಪ್ಪಿಸಬೇಕು. ಚೀಲ ಒಪ್ಪಿಸಿದ ಮೇಲೆ ನಾನು ಯಾರು? ಮನೆಯ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ಬೈಯುವ ಕುಂಟ, ಅಷ್ಟೆ. ಈ ಯೋಚನೆ ಬಂದಾಗಲೆಲ್ಲ ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತಿದ್ದೆ. ಸಿಗುತ್ತಿದ್ದವಳು ಹೆಂಡತಿ ಒಬ್ಬಳೇ.

ಆ ವರ್ಷ ದೇವರು ಕಣ್ಣು ಬಿಟ್ಟಿದ್ದ. ಮಳೆ ಹಿಡಿದು, ನಮ್ಮೂರ ಕೆರೆ ದೀಪಾವಳಿಗೆ ಕೋಡಿ ಬಿತ್ತು. ನಾನು ಕೋಡಿ ನೋಡಿ ಎಷ್ಟು ವರ್ಷವಾಗಿತ್ತೋ, ಮದುವೆಯಾದ ಹೊಸತರಲ್ಲಿ ಒಮ್ಮೆ ನೋಡಿದ ನೆನಪು. ರಾಂಪುರದಿಂದ, ಮೊಳಕಾಲ್ಮೂರಿನಿಂದ ಜನ ಗಾಡಿ ಮಾಡಿಕೊಂಡು ಬರೀ ನೀರು ಹರಿಯುವುದನ್ನು ನೋಡಲು ಬಂದರು. ಹೆಂಗಸರು ಬಾಗಿನ ಬಿಟ್ಟರು. ಮಿರ್ಚಿ ಬಂಡಿಯವನು ಕೆರೆ ಏರಿಯ ಮೇಲೆಯೇ ಬಾಣಲೆ ಇಟ್ಟ.

ನಮ್ಮ ಹೈಸ್ಕೂಲಿನ ವಿಜ್ಞಾನದ ಟೀಚರಮ್ಮ ತಳಕಿನ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ಅವರ ಪಾರ್ಸಲ್ಲುಗಳನ್ನು ನಾನೇ ಶಾಲೆಗೆ ಮುಟ್ಟಿಸುತ್ತಿದ್ದೆ. ‘ದುಡ್ಡು ಹೆಚ್ಚಾಗೈತಾ ನಿಮ್ಗೆ’ ಎಂದು ಅವರಿಗೂ ಒಮ್ಮೆ ಬೈದಿದ್ದೆ. ಆಕೆ ಕೋಡಿ ಹಳ್ಳದ ದಂಡೆಯಲ್ಲಿ ಸೇರಿದ್ದ ಜನವನ್ನು ನೋಡಿ, ಮರುದಿನ ಸಂಜೆ ನಮ್ಮ ಮನೆಗೆ ಬಂದು ಮೊಬೈಲು ತೆಗೆದು ಏನೋ ತೋರಿಸಿದರು. ಯಾವುದೋ ದೇಶದ ಹೊಳೆ. ಅದರ ತುಂಬ ರಬ್ಬರಿನ ಹಳದಿ ಬಾತುಕೋಳಿಗಳು ತೇಲಿ ಬರುತ್ತಿದ್ದವು. ದಂಡೆಯಲ್ಲಿ ದೊಡ್ಡ ದೊಡ್ಡ ಮನುಷ್ಯರು ಚಪ್ಪಾಳೆ ತಟ್ಟುತ್ತಿದ್ದರು.

“ಒಬ್ಬೊಬ್ರು ಒಂದೊಂದು ಬಾತುಕೋಳಿ ಕೊಂಡ್ಕೋತಾರೆ ಅಣ್ಣ. ಎಲ್ಲಾನೂ ಒಟ್ಟಿಗೆ ನೀರಿಗೆ ಬಿಡೋದು. ಮೊದಲು ಬಂದಿದ್ದಕ್ಕೆ ಬಹುಮಾನ. ಕೂಡಿದ ದುಡ್ಡು ಒಂದು ಒಳ್ಳೆ ಕೆಲಸಕ್ಕೆ.”

“ಯಾವ ಒಳ್ಳೆ ಕೆಲಸಕ್ಕೆ?” ಎಂದು ಕೇಳಿದೆ.

ಅವರು ನನ್ನ ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಡೆ ನೋಡಿದರು. ನನಗೆ ಉರಿದುಹೋಯಿತು.

“ನನ್ನ ಕಾಲಿಗೆ ಬಾತುಕೋಳಿ ಓಡಿಸ್ತೀರಾ? ಡಬ್ಬಿ ಹಿಡ್ಕೊಂಡು ಊರೂರು ಎತ್ತಿಸೋದೊಂದು ಬಾಕಿ ಇತ್ತು. ಎದ್ದೋಗ್ರಿ ಟೀಚರಮ್ಮ, ಬಸ್ಸಿಗೆ ಹೊತ್ತಾತು.”

ಟೀಚರಮ್ಮ ಏಳಲಿಲ್ಲ. ಒಳಗಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಮದುವೆಯಾದಾಗಿನಿಂದ ಪರರ ಎದುರು ನನ್ನ ಮಾತಿಗೆ ಎದುರಾಡದವಳು ಅಂದು ಆಡಿದಳು.

“ನೀವು ಸುಮ್ನಿರಿ. ಕಾಲು ನಿಮ್ದಿರಬೌದು, ನಡೆಯೋದು ಊರಿಗೋಸ್ಕರ ಅಲ್ವಾ? ಊರೋರು ಮಾಡ್ಲಿ ಬಿಡ್ರಿ.”

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅದನ್ನೇ ಒಪ್ಪಿಗೆ ಎಂದು ಅವರಿಬ್ಬರೂ ತೀರ್ಮಾನಿಸಿದರು. ಈಗ ಯೋಚಿಸಿದರೆ ನನ್ನ ಸಿಟ್ಟು ಎಲ್ಲಿಂದ ಬಂತು ಎಂಬುದು ಗೊತ್ತಾಗುತ್ತದೆ. ಅಷ್ಟು ವರ್ಷ ಊರಿನ ಬಾಗಿಲುಗಳಲ್ಲಿ ಕೈ ಮುಂದೆ ಮಾಡಿದ್ದು ಕೊಡುವುದಕ್ಕೇ. ಅದೇ ಕೈಯನ್ನು ತೆಗೆದುಕೊಳ್ಳುವುದಕ್ಕೆ ಚಾಚುವುದು ನನಗೆ ಬರುತ್ತಿರಲಿಲ್ಲ.

ಬಾತುಕೋಳಿ ತರಲು ಇಬ್ಬರೂ ಚಳ್ಳಕೆರೆಗೆ ಹೋದರು. ಸಂತೆಬೀದಿಯ ಒಬ್ಬ ಆಟಿಕೆ ಸಾಬರ ಅಂಗಡಿಯ ಅಟ್ಟದ ಮೇಲೆ ಎರಡು ಚೀಲ ಇದ್ದವಂತೆ, ಎಲ್ಲವೂ ತಿರಸ್ಕೃತ ಮಾಲು. ಒಂದರ ಕಣ್ಣು ಹಣೆಗೇರಿದೆ, ಇನ್ನೊಂದರ ಕೊಕ್ಕಿನ ಬಣ್ಣ ಕೆನ್ನೆಗೆ ಇಳಿದಿದೆ. “ಬಿಲ್ಕುಲ್ ಬೇಕಾರ್ ಮಾಲು ಅಮ್ಮ, ಮಕ್ಕಳು ಮುಟ್ಟಲ್ಲ” ಎಂದರಂತೆ ಸಾಬರು. ಯಾತಕ್ಕೆ ಬೇಕು ಎಂದು ಇವರು ಹೇಳಿದ ಮೇಲೆ ದುಡ್ಡು ಮುಟ್ಟಲಿಲ್ಲವಂತೆ. “ಓಡಿಸಿ ಆದ್ಮೇಲೆ ವಾಪಸ್ ತಂದ್ಕೊಡ್ರಿ, ಸಾಕು” ಎಂದು ತಾವೇ ಚೀಲ ಹೊತ್ತು ಬಸ್ಸಿಗೆ ಹಾಕಿದರಂತೆ. ನಾನು ಅವರ ಮುಖವನ್ನೇ ನೋಡಿರಲಿಲ್ಲ, ಅವರಿಗೆ ನಾನು ಒಂದು ಕಾರ್ಡೂ ಹಂಚಿದವನಲ್ಲ. ಇದನ್ನು ಹೆಂಡತಿ ಹೇಳಿದಾಗ ನನ್ನ ಬಾಯಲ್ಲಿ ಬೈಗುಳ ಬರಲಿಲ್ಲ.

ಇಲ್ಲಿ ಹಟ್ಟಿಯ ಅಜ್ಜಿಯ ವಿಷಯ ಹೇಳಬೇಕು. ನನ್ನ ದಾರಿಯ ಕೊನೆಯ ಹಟ್ಟಿಯ ಕೊನೆಯ ಮನೆ ಅವಳದು. ಕುರಿ ಸಾಕಿಯೇ ಬದುಕಿದವಳು, ಎಪ್ಪತ್ತೈದರ ಮೇಲೆ ವಯಸ್ಸು. ತಿಂಗಳು ತಿಂಗಳು ಅವಳ ಪಿಂಚಣಿ ಕೊಡುವುದೆಂದರೆ ನನಗೆ ಒಂದು ಯುದ್ಧ. ಹೆಬ್ಬೆಟ್ಟು ಒತ್ತುವ ಮಿಷನ್ನು ಬಂದಾಗಿನಿಂದ ಅವಳ ಹೆಬ್ಬೆಟ್ಟು ಅದಕ್ಕೆ ಹಿಡಿಸುತ್ತಲೇ ಇರಲಿಲ್ಲ. ಉಣ್ಣೆ ಹಿಡಿದು ಹಿಡಿದು, ಹಗ್ಗ ಎಳೆದು ಎಳೆದು ಗೆರೆಗಳೆಲ್ಲ ಸವೆದುಹೋಗಿದ್ದವು. ಬಿಸಿನೀರಲ್ಲಿ ಕೈ ತೊಳೆಸಿ, ಬಟ್ಟೆಯಿಂದ ಉಜ್ಜಿಸಿ, ಒಂದೊಂದು ತಿಂಗಳು ಮೂರು ದಿನ ಬಿಡದೆ ಹೋಗಿ ಒತ್ತಿಸುತ್ತಿದ್ದೆ.

“ನಿನ್ನ ಹೆಬ್ಬೆಟ್ಟಿನ ಗೆರೆ ಯಾವ ಕುರಿ ಮೇಯ್ತಜ್ಜಿ?” ಎಂದು ರೇಗುತ್ತಿದ್ದೆ.

“ಮಿಷನ್ನಿಗೆ ಗೊತ್ತಾಗ್ಲಿಲ್ಲ ಅಂದ್ರೆ ಬಿಡು ಪೋಸ್ಟಪ್ಪ. ನಾನೇ ಅಂತ ನಿನಗೆ ಗೊತ್ತೈತಲ್ಲ” ಎನ್ನುತ್ತಿದ್ದಳು.

“ನನಗೆ ಗೊತ್ತಿದ್ರೆ ಸರ್ಕಾರಕ್ಕೆ ಸಾಲಲ್ಲ, ಒತ್ತು ಇನ್ನೊಂದ್ಸಲ” ಎಂದು ಅವಳ ಕೈ ಹಿಡಿದು ಒತ್ತುತ್ತಿದ್ದೆ.

ಈ ಅಜ್ಜಿ ಒಂದು ಶನಿವಾರ ಹಟ್ಟಿಯ ಹೆಂಗಸರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಅಂಗಳದಲ್ಲಿ ಎರಡು ಚೀಲ ಬಾತುಕೋಳಿ ಸುರಿದಿತ್ತು. ಟೀಚರಮ್ಮ ಒಂದೊಂದರ ಮೇಲೂ ನಂಬರು ಬರೆಯಲು ಮಾರ್ಕರ್ ಪೆನ್ನು ತೆಗೆದುಕೊಂಡು ಕೂತಿದ್ದರು. ಅಜ್ಜಿ ಅವರ ಕೈ ಹಿಡಿದಳು.

“ಎಣಿಸಬ್ಯಾಡ್ರಿ ಟೀಚರಮ್ಮ. ಮಂದೆ ಎಣಿಸಬಾರ್ದು, ಕಮ್ಮಿ ಆಗ್ತಾವೆ.”

“ಅಜ್ಜಿ, ಇವು ರಬ್ಬರು.”

“ಯಾತರದ್ದಾದ್ರೂ ಆಗ್ಲಿ. ಇಷ್ಟು ಜೀವ ಒಂದ್ಕಡೆ ಐತೆ ಅಂದ್ರೆ ಅದು ಮಂದೆನೇ.”

ನಮ್ಮ ಹಟ್ಟಿಗಳಲ್ಲಿ ಇದೊಂದು ಪದ್ಧತಿ. ಎಷ್ಟು ಕುರಿ ಇವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಲೆಕ್ಕ ಹಾಕುವುದಿಲ್ಲ. ಬದಲಿಗೆ ಪ್ರತಿ ಮನೆಗೂ ಒಂದು ಗುರುತು ಇರುತ್ತದೆ. ಒಬ್ಬರದು ಕತ್ತಿನ ಮೇಲೆ ಕೆಮ್ಮಣ್ಣಿನ ಗೆರೆ, ಇನ್ನೊಬ್ಬರದು ಬೆನ್ನಿಗೆ ನೀಲಿ ಚುಕ್ಕೆ. ಬಾತುಕೋಳಿಗೂ ಹಾಗೇ ಹಾಕೋಣ ಎಂದು ಅಜ್ಜಿ ಹೇಳಿದ್ದು ಎಲ್ಲರಿಗೂ ಹಿಡಿಸಿಬಿಟ್ಟಿತು. ಕುರಿಯಿಲ್ಲದವರೂ ಹೊಸದಾಗಿ ಗುರುತು ಮಾಡಿಕೊಂಡರು. ಕ್ಷೌರದವನು ಬಾಚಣಿಗೆ ಬರೆಸಿದ, ದರ್ಜಿ ಒಂದು ಹೊಲಿಗೆ ಹಾಕಿಸಿದ. ಕೆಮ್ಮಣ್ಣು, ಅರಿಶಿನ, ಬಟ್ಟೆಗೆ ಹಾಕುವ ನೀಲಿ ಎಲ್ಲವನ್ನೂ ನಮ್ಮನೆಯ ತಟ್ಟೆಗಳಲ್ಲೇ ಕಲಸಿದರು. ಅಜ್ಜಿ ಒಂದೊಂದನ್ನೇ ಕೈಗೆ ತೆಗೆದುಕೊಂಡು, ಅದರ ಮುಖವನ್ನು ಒಂದು ಗಳಿಗೆ ನೋಡಿ, ಗುರುತು ಹಚ್ಚಿ ಪಕ್ಕಕ್ಕೆ ಇಡುತ್ತಿದ್ದಳು. ಸಂಜೆಯವರೆಗೂ ಸೊಂಟ ಎತ್ತಲಿಲ್ಲ.

ಕುರಿಯ ಉಣ್ಣೆಯಲ್ಲಿ ಆ ಬಣ್ಣ ತಿಂಗಳಾನುಗಟ್ಟಲೆ ಇರುತ್ತದೆ. ರಬ್ಬರಿನ ಮೇಲೆ, ಅದೂ ಹರಿಯುವ ನೀರಿನಲ್ಲಿ ಇರುತ್ತದೆಯೇ ಎಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ, ವಿಜ್ಞಾನ ಪಾಠ ಮಾಡುವವರಿಗೂ. ನಾನು ಕಟ್ಟೆಯ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿದ್ದೆ, ತಲೆ ಓಡಿಸುವ ಕೆಲಸಕ್ಕೆ ಹೋಗಲಿಲ್ಲ.

“ನಿಂದ್ಯಾವ್ದು ಪೋಸ್ಟಪ್ಪ?” ಎಂದು ಅಜ್ಜಿ ಕೇಳಿದಳು.

“ನಂದ್ಯಾವ್ದೂ ಇಲ್ಲ.”

ಅವಳು ಸೊಂಟದ ಚೀಲದಿಂದ ದುಡ್ಡು ತೆಗೆದು ಟೀಚರಮ್ಮನ ಕೈಗೆ ಕೊಟ್ಟಳು. ಎಡಗಣ್ಣು ಹಣೆಗೆ ಏರಿದ್ದ ಒಂದು ಬಾತುಕೋಳಿ ಆರಿಸಿದಳು. ಅದನ್ನೂ ನನ್ನನ್ನೂ ಒಮ್ಮೆ ನೋಡಿ ನಕ್ಕಳು. ಕೆಮ್ಮಣ್ಣಿಗೆ ಹೆಬ್ಬೆಟ್ಟು ಅದ್ದಿ ಅದರ ಬೆನ್ನ ಮೇಲೆ ಒತ್ತಿದಳು. “ಇದಕ್ಕಾದ್ರೂ ನನ್ನ ಹೆಬ್ಬೆಟ್ಟು ಹಿಡಿಸ್ತೈತಾ ನೋಡು” ಎಂದಳು. ಹಿಡಿಸಿತ್ತು. ಒಂದೂ ಗೆರೆಯಿಲ್ಲದ ಕೆಂಪು ಮುದ್ರೆ.

ಓಟದ ದಿನ ಭಾನುವಾರ. ನಾನು ಬರುವುದಿಲ್ಲ ಎಂದು ಬೆಳಗಿನಿಂದ ಹಟ ಹಿಡಿದೆ. ಹೆಂಡತಿ ಪಕ್ಕದ ಮನೆಯವರ ಲಗೇಜ್ ಆಟೋ ತರಿಸಿ, ಹಿಂದೆ ಒಂದು ಕುರ್ಚಿ ಇಡಿಸಿ, ಇಬ್ಬರನ್ನು ಕರೆದು ನನ್ನನ್ನು ಎತ್ತಿ ಕೂರಿಸಿದಳು. ಆಟೋ ಕೋಡಿಯ ಹತ್ತಿರ ದಂಡೆಯ ಮೇಲೆ ನಿಂತಿತು. ನಾನು ಮೊಂಡುಗಾಲಿನ ಮೇಲೆ ಟವೆಲ್ಲು ಹೊದೆಸಿಕೊಂಡೆ. ಆಪರೇಷನ್ ಆದ ಮೇಲೆ ಅಷ್ಟು ಜನರ ಎದುರಿಗೆ ಬಂದಿರಲಿಲ್ಲ. ನೆಲಕ್ಕೆ ಇಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಜನ ಎಂದರೆ ಜನ. ನಾಲ್ಕು ಹಟ್ಟಿಯೂ ಬಂದಿತ್ತು. ಕೆಳಗೆ ಹಳ್ಳದ ಸೇತುವೆಯ ಹತ್ತಿರ ಎರಡು ಹಳೆಯ ಸೀರೆ ಅಡ್ಡಕಟ್ಟಿದ್ದರು, ಬಾತುಕೋಳಿ ಬಂದು ನಿಲ್ಲುವುದಕ್ಕೆ. ಅಲ್ಲೇ ಹುಣಸೆಮರಕ್ಕೆ ಬಹುಮಾನದ ಟಗರು ಮರಿ ಕಟ್ಟಿದ್ದರು, ಕೊರಳಲ್ಲಿ ಚೆಂಡುಹೂವು. ಅಜ್ಜಿಯ ಮಂದೆಯದೇ ಮರಿ, ಅವಳೇ ಕೊಟ್ಟದ್ದು.

ಟೀಚರಮ್ಮ ಸೀಟಿ ಊದಿದರು. ಚೀಲ ಬಗ್ಗಿಸಿದರು. ಹಳದಿ ಹಿಂಡು ದಬದಬನೆ ನೀರಿಗೆ ಬಿದ್ದು ಹೊರಟಿತು. ನಾನು ಬೇಡವೆಂದರೂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ಹತ್ತು ಮಾರು ಹೋಗಿರಲಿಲ್ಲ, ಹಟ್ಟಿಯ ಗಂಡಸರು ಪಂಚೆ ಎತ್ತಿಕಟ್ಟಿ ಕೋಲು ಹಿಡಿದು ದಂಡೆಯ ಮೇಲೆ ಓಡತೊಡಗಿದರು. ಬಾಯಲ್ಲಿ “ಹೋ, ಹುರ್ರ್, ಹೋ” ಎಂದು ಕೂಗು. ಹಿಂದೆ ಬಿದ್ದ ಬಾತುಕೋಳಿಗಳ ಹಿಂದಿನ ನೀರಿಗೆ ಕೋಲಿನಿಂದ ಬಡಿದು ಮುಂದೆ ಅಟ್ಟುತ್ತಿದ್ದರು.

“ಓಡಿಸಬಾರ್ದು! ತಾವಾಗೇ ಬರ್ಬೇಕು!” ಎಂದು ಟೀಚರಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದರು.

“ಮಂದೆ ಬಿಟ್ಮೇಲೆ ಹಿಂದೆ ಯಾರಾರ ಇರ್ಬೇಕಲ್ರಮ್ಮ” ಎಂದು ಒಬ್ಬ ಓಡುತ್ತಲೇ ಉತ್ತರ ಕೊಟ್ಟ. ಯಾರು ಯಾರದನ್ನು ಅಟ್ಟುತ್ತಿದ್ದಾರೆ ಎಂಬುದೂ ಅವರಿಗೆ ಮುಖ್ಯವಾಗಿರಲಿಲ್ಲ. ನಗು ತಡೆಯಲಾಗಲಿಲ್ಲ ನನಗೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಟೋದ ಪಕ್ಕ ನಿಂತಿದ್ದ ಹೆಂಡತಿ ನನ್ನನ್ನು ನೋಡಿ, ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಸೇತುವೆಯ ಹತ್ತಿರ ಗದ್ದಲ ಎದ್ದಿತು. ಆಟೋದವನು ನನ್ನನ್ನೂ ಕೂರಿಸಿಕೊಂಡೇ ದಂಡೆಗುಂಟ ಅಲ್ಲಿಗೆ ಹೋದ. ಮೊದಲ ಬಾತುಕೋಳಿ ಸೀರೆಗೆ ಬಂದು ತಗುಲಿತ್ತು. ಅದರ ಮೈಮೇಲೆ ಏನೂ ಇರಲಿಲ್ಲ. ಕೋಡಿಯ ಕಲ್ಲುಗಳ ಮೇಲೆ ಉರುಳಿ ಬಿದ್ದು ಬಂದದ್ದರಲ್ಲಿ ಕೆಮ್ಮಣ್ಣು, ಅರಿಶಿನ, ನೀಲಿ ಎಲ್ಲ ಗಂಗಮ್ಮನ ಪಾಲಾಗಿತ್ತು. ಹಿಂದೆ ಬಂದವೂ ಹಾಗೇ, ಬರೀ ಹಳದಿ. ಒಬ್ಬ ‘ನಂದು’ ಎಂದ, ಹತ್ತು ಜನ ‘ನಮ್ದು’ ಎಂದರು. ಟೀಚರಮ್ಮ ತಲೆ ಮೇಲೆ ಕೈಹೊತ್ತು ಕೂತರು. “ನಂಬರ್ ಹಾಕಿದ್ರೆ ಹಿಂಗಾಗ್ತಿತ್ತಾ?” ಎಂದು ಅಳುವ ಹಾಗೆ ಹೇಳಿದರು. ಇಷ್ಟು ದಿನದ ಕೆಲಸ ಜಗಳದಲ್ಲಿ ಮುಗಿದು, ಕೊಟ್ಟ ದುಡ್ಡು ವಾಪಸ್ ಕೇಳುತ್ತಾರೆ ಎಂದುಕೊಂಡೆ. ಕಾಲು ಹೋದರೆ ಹೋಯಿತು, ನನ್ನ ಹೆಸರಿನಲ್ಲಿ ಊರು ಹೊಡೆದಾಡಿಕೊಳ್ಳುವುದು ಬೇಡ ಎಂದು ನಿಜವಾಗಿಯೂ ಅನಿಸಿತು.

ಅಜ್ಜಿ ಜನರನ್ನು ಸರಿಸಿಕೊಂಡು ಬಂದಳು. “ಇತ್ಲಾಗೆ ಕೊಡ್ರಿ” ಎಂದು ಮೊದಲು ಬಂದ ಬಾತುಕೋಳಿಯನ್ನು ಕೈಗೆ ತೆಗೆದುಕೊಂಡು ಮುಖ ನೋಡಿದಳು. ಕೊಕ್ಕಿನ ಬಣ್ಣ ಎಡಗೆನ್ನೆಗೆ ಇಳಿದಿತ್ತು. ಅವಳ ಮುಖ ಒಂದು ಗಳಿಗೆ ಹುಳ್ಳಗಾಯಿತು.

ಅವಳ ಹೊಲದ ಪಕ್ಕದ ಹೊಲದವನೊಬ್ಬ ಇದ್ದಾನೆ. ಬದುವಿನ ಕಲ್ಲು ಸರಿಸಿದನೆಂದು ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅವನು ಎದುರಿಗೇ ನಿಂತಿದ್ದ. ಅಜ್ಜಿ ಅವನ ಕಡೆ ನೋಡದೆ ಟೀಚರಮ್ಮನ ಕಡೆ ತಿರುಗಿದಳು.

“ಅವ್ನಿಗೆ ಹೇಳ್ರಿ, ಇದು ಅವಂದು. ಟಗರು ಬಿಚ್ಕೊಂಡೋಗ್ಲಿ.”

‘ನಮ್ದು’ ಎಂದವರೆಲ್ಲ ಹಿಂದೆ ಸರಿದರು. ತನ್ನ ಮಂದೆಯ ಮರಿಯನ್ನು ತನ್ನ ಬಾಯಿಂದಲೇ ವೈರಿಗೆ ಕೊಟ್ಟವಳ ಮಾತನ್ನು ಅನುಮಾನಿಸುವುದು ಹೇಗೆ? ಎರಡನೆಯದು, ಮೂರನೆಯದು ಯಾರದೆಂದು ಅವಳು ಹೇಳುತ್ತಾ ಹೋದಳು, ಜನ ಕೈಯೊಡ್ಡಿ ತಮ್ಮ ತಮ್ಮದನ್ನು ತೆಗೆದುಕೊಂಡರು. ಗೆದ್ದವನು ಟಗರಿನ ಹಗ್ಗ ಹಿಡಿದು, ಏನು ಮಾಡಬೇಕೋ ತಿಳಿಯದೆ ನೆಲ ನೋಡುತ್ತ ನಿಂತಿದ್ದ.

ಎಲ್ಲ ಹಂಚಿ ಆಯಿತು. ಬಿಸಿಲು ನೆತ್ತಿಗೇರಿತ್ತು, ಜನ ಚಪ್ಪಲಿ ಹುಡುಕತೊಡಗಿದರು. ಅಜ್ಜಿ ಮಾತ್ರ ಸೀರೆಯ ಹತ್ತಿರ ಕೂತೇ ಇದ್ದಳು, ಕಣ್ಣು ಹಳ್ಳದ ಮೇಲುಗಡೆ.

“ಒಕಟಿ ರಾಲೇದು” ಎಂದಳು. ಮನಸ್ಸು ಕಲಕಿದಾಗ ಅವಳ ಬಾಯಲ್ಲಿ ತೆಲುಗೇ ಬರುವುದು. ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದಳು: “ಒಂದು ಬಂದಿಲ್ಲ. ಎಡಗಣ್ಣು ಮೇಲಿರೋದು. ಪೋಸ್ಟಪ್ಪಂದು.”

ಅಷ್ಟೂ ಜನ ತಿರುಗಿ ನನ್ನನ್ನು ನೋಡಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ, ಎಂದಿನಂತೆ ಸಿಟ್ಟು ಸಹಾಯಕ್ಕೆ ಬಂತು.

“ಹೋದ್ರೆ ಹೋಗ್ಲಿ ಬಿಡಜ್ಜಿ. ಬೇಕಾರ್ ಮಾಲು ಅದು. ಎಲ್ರೂ ಮನೆಗೆ ಹೋಗ್ರಿ.”

“ಹೋದ್ರೆ ಹೋಗ್ಲಿ ಅಂತ ನಾನು ಯಾವ ಕುರೀನೂ ಬಿಟ್ಟಿಲ್ಲ ಪೋಸ್ಟಪ್ಪ. ಹಿಂದಿಂದು ಬರೋವರ್ಗೂ ನಾವು ರೊಪ್ಪ ಮುಚ್ಚಲ್ಲ.”

ರೊಪ್ಪ ಎಂದರೆ ಕುರಿ ಕೂಡುವ ಮುಳ್ಳಿನ ಆವರಣ. ಹಟ್ಟಿಯವರು ಅದನ್ನು ಆಟದ ಮಾತು ಎಂದುಕೊಳ್ಳಲಿಲ್ಲ. ಹೊರಟಿದ್ದವರು ಚಪ್ಪಲಿ ಮತ್ತೆ ಬಿಟ್ಟರು. ಹೆಂಗಸರು ಸೀರೆ ಎತ್ತಿಕಟ್ಟಿ ನೀರಿಗೆ ಇಳಿದರು. ಗೆದ್ದವನು ಟಗರನ್ನು ಮತ್ತೆ ಹುಣಸೆಮರಕ್ಕೆ ಕಟ್ಟಿ, ಮೊಣಕಾಲುದ್ದ ಕೆಸರಿಗೆ ಇಳಿದು ಜೊಂಡು ಸರಿಸಿ ನೋಡತೊಡಗಿದ. ನಾಯಿ ಕಟ್ಟದ್ದಕ್ಕೆ ನಾನು ಬೈದಿದ್ದವನು ಇದ್ದ. ಶೇಂಗಾ ಹೊಲದಲ್ಲಿ ಬೈಸಿಕೊಂಡ ದಂಪತಿ ಇದ್ದರು. ಯಾವ ಮನೆಯ ಮುಂದೆ ಏನು ಬೈದಿದ್ದೆ ಎಂಬುದು ಒಂದೊಂದಾಗಿ ನೆನಪಾಯಿತು. ಅವರಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ.

ಅರ್ಧ ತಾಸು ಹುಡುಕಿದರೂ ಸಿಗಲಿಲ್ಲ. ಆಟೋದವನಿಗೆ ಹೇಳಿ ಮತ್ತೆ ಕೋಡಿಯ ಹತ್ತಿರ ಬಂದೆ. ಆಟೋದ ಮೇಲಿಂದ ನನಗೆ ಕಾಣುತ್ತಿದ್ದದ್ದು ನೀರಿನಲ್ಲಿದ್ದವರಿಗೆ ಕಾಣುತ್ತಿರಲಿಲ್ಲ. ಚೀಲ ಬಗ್ಗಿಸಿದ ಜಾಗದ ಪಕ್ಕದಲ್ಲೇ, ಕೋಡಿಯ ಕಲ್ಲುಗಳಿಗಿಂತ ಮೇಲೆ, ದಂಡೆಯಿಂದ ನೀರಿಗೆ ಬಾಗಿದ ಒಂದು ಜಾಲಿಪೊದೆ. ಅದರ ಹೊಟ್ಟೆಯೊಳಗೆ ಒಂದು ಹಳದಿ ಚೂರು. ಹೊರಟೇ ಇರಲಿಲ್ಲ ಅದು. ಬಿದ್ದ ಕೂಡಲೇ ಪಕ್ಕಕ್ಕೆ ತಳ್ಳಿಸಿಕೊಂಡು ಮುಳ್ಳಿಗೆ ಸಿಕ್ಕಿಕೊಂಡಿತ್ತು.

ಕೂಗಿ ಹೇಳಿದರೆ ಯಾರಾದರೂ ತೆಗೆಯುತ್ತಿದ್ದರು. ಕೂಗಲಿಲ್ಲ. ಮುಳ್ಳು ಯಾರಿಗಾದರೂ ಚುಚ್ಚೀತು ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ನನ್ನದನ್ನು ನಾನಲ್ಲದೆ ಇನ್ನು ಯಾರು ತರಬೇಕು ಎಂದು ಆಗ ಅನಿಸಿತು. “ಹಿಡ್ಕೊಳ್ಳೇ” ಎಂದು ಹೆಂಡತಿಯನ್ನು ಕರೆದೆ. ಟವೆಲ್ಲು ಕೆಳಗೆ ಬಿತ್ತು, ಬೀಳಲಿ ಎಂದು ಬಿಟ್ಟೆ. ಅವಳನ್ನು ಹಿಡಿದು ಆಟೋದಿಂದ ಇಳಿದು, ಕುರ್ಚಿಯ ಪಕ್ಕ ಇಟ್ಟಿದ್ದ ಎರಡು ಊರುಗೋಲಿನ ಮೇಲೆ ಕುಪ್ಪಳಿಸುತ್ತ ದಂಡೆಗೆ ಹೋಗಿ, ಹೆಂಡತಿಯ ಹೆಗಲು ಹಿಡಿದು ನಿಂತು, ಒಂದು ಊರುಗೋಲನ್ನು ತಲೆಕೆಳಗು ಮಾಡಿ ಪೊದೆಯೊಳಗೆ ಚಾಚಿದೆ. ಕಂಕುಳಿಗೆ ಇಟ್ಟುಕೊಳ್ಳುವ ಅಡ್ಡಪಟ್ಟಿಯನ್ನು ಬಾತುಕೋಳಿಯ ಹಿಂದೆ ಹಾಕಿ ಮೆಲ್ಲಗೆ ಎಳೆದೆ. ನಾಲ್ಕನೆಯ ಸಲಕ್ಕೆ ಬಂತು.

ಎಡಗಣ್ಣು ಹಣೆಯ ಮೇಲೆ. ಕಲ್ಲುಗಳ ಮೇಲೆ ಉರುಳದೇ ಇದ್ದದ್ದರಿಂದ ಅದೊಂದರ ಬೆನ್ನಿನ ಮೇಲೆ ಮಾತ್ರ ಕೆಂಪು ಹೆಬ್ಬೆಟ್ಟು ಹಾಗೇ ಉಳಿದಿತ್ತು.

ಅದನ್ನು ಮೇಲೆತ್ತಿ ತೋರಿಸಹೋದೆ. ಮಗುವಿನ ಹಾಗೆ ಅತ್ತುಬಿಟ್ಟೆ. ಹುಡುಕುತ್ತ ಮೇಲೆ ಬಂದಿದ್ದ ಇಡೀ ಊರು ನೋಡುತ್ತಿತ್ತು, ಪ್ಯಾಂಟಿನ ಮಡಿಕೆ ಗಾಳಿಗೆ ಹಾರುತ್ತಿತ್ತು, ನನಗೆ ಅದಾವುದರ ನಾಚಿಕೆಯೂ ಆಗಲಿಲ್ಲ. “ನಿಮ್ಮ ಋಣ ತೀರಿಸೋಕಾಗಲ್ಲ” ಎಂದೇನೋ ತೊದಲಿದೆ.

“ಯಾರು ಕೇಳಿದ್ರು ತೀರ್ಸು ಅಂತ?” ಎಂದು ನಾಯಿಯ ಮನೆಯವನು ಅಂದ. “ಬೇಗ ಬಂದು ಬೈಯಿ ಮಾರಾಯ. ಆ ಬದಲಿಯವನು ಬಾಳ ಮೆತ್ತಗೆ ಮಾತಾಡ್ತಾನೆ, ನಾಯಿಗೇ ಬ್ಯಾಸರ ಆಗೈತೆ.”

ಎಲ್ಲರೂ ನಕ್ಕರು. ಆಮೇಲೆಯೇ ಜನ ಮನೆಗೆ ಹೊರಟಿದ್ದು.

ಎಷ್ಟು ಕೂಡಿತು ಎಂದು ಅಜ್ಜಿಯ ಮುಂದೆ ಯಾರೂ ಎಣಿಸಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಕಾಲಿಗೆ ಸಾಕಾಯಿತು. ಹಂಚಿದ ಬಾತುಕೋಳಿಗಳನ್ನು ಟೀಚರಮ್ಮ ಮತ್ತೆ ಕೂಡಿಸಿ ಚಳ್ಳಕೆರೆಗೆ ವಾಪಸ್ ಕಳಿಸಿದರು, ಒಂದನ್ನು ಬಿಟ್ಟು. ಅದರ ಬೆಲೆ ಕೊಡಹೋದರೆ ಸಾಬರು ಅದನ್ನೂ ತೆಗೆದುಕೊಳ್ಳಲಿಲ್ಲವಂತೆ. ಬಳ್ಳಾರಿಗೆ ನಾಲ್ಕು ಸಲ ಹೋಗಿ ಬಂದೆ. ಅಳತೆ, ಅಚ್ಚು, ತೊಡಿಸಿ ನೋಡುವುದು, ಸರಿಮಾಡುವುದು. ಮನೆಯ ಅಂಗಳದಲ್ಲಿ ಒಂದು ತಿಂಗಳು ಹೆಂಡತಿಯ ಕೈ ಹಿಡಿದು ನಡೆದೆ. ದಾರಿಯಲ್ಲಿ ಹೋಗುವವರು ನಿಂತು ಸಲಹೆ ಕೊಡುತ್ತಿದ್ದರು. ಬೈಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಉಗಾದಿಗೆ ಹತ್ತು ದಿನ ಇರುವಾಗ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಕಾಲು ಹೋಗುವ ಮೊದಲು ಹಟ್ಟಿಗಳನ್ನೆಲ್ಲ ಮುಗಿಸಿ ಕೊನೆಯ ಮನೆಗೆ ಮಧ್ಯಾಹ್ನದೊಳಗೆ ಹೋಗುತ್ತಿದ್ದೆ. ಅಂದು ಕಲ್ಲು ನೋಡಿಕೊಂಡು ಹೆಜ್ಜೆ ಇಡಬೇಕಿತ್ತು, ಮನೆ ಮನೆಗೂ ಕೂರಿಸಿ ಮಜ್ಜಿಗೆ ಕೊಟ್ಟರು, ಕಾಲು ಬಿಚ್ಚಿ ತೋರಿಸು ಎಂದರು. ಅಜ್ಜಿಯ ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಕುರಿಗಳು ಬಂದು ರೊಪ್ಪದೊಳಗೆ ಮಲಗಿದ್ದವು. ಬಾಗಿಲಿಗೆ ಅಡ್ಡ ಇಡುವ ತಡಿಕೆ ಮಾತ್ರ ಪಕ್ಕಕ್ಕೆ ಒರಗಿತ್ತು, ಅಜ್ಜಿ ಅದರ ಹತ್ತಿರ ಕೂತಿದ್ದಳು.

“ಯಾಕಜ್ಜಿ, ಕುರಿ ಬಂದಿಲ್ವಾ?” ಎಂದೆ.

“ಕುರಿ ಆಗ್ಲೇ ಬಂದಾವೆ” ಎಂದಳು.

ಕಾಲಿನ ವಿಷಯ ಕೇಳಲಿಲ್ಲ. ನಾನು ಚೀಲದಿಂದ ಮಿಷನ್ನು ತೆಗೆದೆ. ಅವಳ ಹೆಬ್ಬೆಟ್ಟು ಹಿಡಿದು ಒತ್ತಿದೆ, ಹಿಡಿಸಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತಿದೆ, ಹಿಡಿಸಲಿಲ್ಲ. “ಹಾಳಾದ್ದು, ನಾಳೆ ಬರ್ತೀನಿ ಬಿಡು” ಎಂದು ರೇಗಿದೆ.

“ಬಾ, ನಾಳೆನೂ ಬಾ” ಎಂದಳು ಅಜ್ಜಿ. ಮೊಣಕಾಲಿಗೆ ಕೈ ಊರಿ ಮೇಲೆದ್ದು, ರೊಪ್ಪಕ್ಕೆ ತಡಿಕೆ ಅಡ್ಡ ಎಳೆದಳು.